ಹಾಂಗ್‌ಕಾಂಗ್ ಕೇಸಾ, ಜಾರ್ಜಿಯಾ ಮಾದರಿಯಾ?

ದಾವಣಗೆರೆಯಲ್ಲಿ ಕೆಎಎಸ್‌ಗೆ ಓದುತ್ತಿರುವವರೇ, ಪೊಲೀಸ್ ಭ್ರಷ್ಟಾಚಾರದ ಪ್ರಬಂಧಕ್ಕೆ ಯಾವ ಉದಾಹರಣೆ? ನನ್ನ ಓಟು ಹಾಂಗ್‌ಕಾಂಗ್‌ಗೆ. ಅಲ್ಲಿನ ಹಿರಿಯ ಪೊಲೀಸ್ ಅಧಿಕಾರಿ ಪೀಟರ್ ಗಾಡ್ಬರ್ 1973ರಲ್ಲಿ ತನಿಖೆ ನಡೆಯುತ್ತಿರುವಾಗಲೇ ಇಂಗ್ಲೆಂಡಿಗೆ ಹಾರಿದ. ಆದಾಯಕ್ಕಿಂತ ಜಾಸ್ತಿ ಆಸ್ತಿ ಇತ್ತು, ಆದರೆ ಇಂಗ್ಲೆಂಡಿನಲ್ಲಿ ಅದು ಅಪರಾಧವೇ ಅಲ್ಲ! ಹಾಗಾಗಿ ಲಂಚಕ್ಕೆ ಸಾಕ್ಷಿ ಹುಡುಕಿ, ಅದರ ಮೇಲೆ 1975ರಲ್ಲಿ ವಾಪಸ್ ಕರೆತಂದು, 4 ವರ್ಷ ಜೈಲಿಗೆ ಹಾಕಿದರು. ಎರಡೂ ಕಡೆಯ ಕಾನೂನು ಹೊಂದದಿದ್ದರೆ ಆರೋಪಿ ಕೈಗೆ ಸಿಗಲ್ಲ ಅಂತ ತೋರಿಸಲು ಇದು ಸಾಕು.

ಜಾರ್ಜಿಯಾ ದೇಶದ್ದು (ಅಮೆರಿಕದ ರಾಜ್ಯ ಅಲ್ಲ) ಬೇರೆ ದಾರಿ. 2004ರಲ್ಲಿ ಟ್ರಾಫಿಕ್ ಪೊಲೀಸ್ ಪಡೆಯನ್ನೇ ಮನೆಗೆ ಕಳಿಸಿ, ಹೊಸಬರನ್ನು ಸೇರಿಸಿ, ಸಂಬಳ ಏರಿಸಿದರು; ತರಬೇತಿಗೆ ಅಮೆರಿಕ ನೆರವಾಯಿತು. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಹಾಗೆ ಒಂದೇ ಏಟಿಗೆ ಎಲ್ಲರನ್ನೂ ತೆಗೆಯಲು ಸಂವಿಧಾನದ 311ನೇ ವಿಧಿ ಬಿಡುವುದಿಲ್ಲ, ಅಲ್ವಾ? ಪ್ರಶ್ನೆ ಸುಧಾರಣೆ ಬಗ್ಗೆ ಇದ್ದರೆ ಮಾತ್ರ ಇದನ್ನು ಹಿಡಿಯಿರಿ.