ಫೈಬರ್ ಮೋಡೆಮ್‌ಗೆ ಯಾವ ಬ್ಯಾಕಪ್: ಇನ್ವರ್ಟರ್, ಕಂಪ್ಯೂಟರ್ ಯುಪಿಎಸ್, ಮಿನಿ ಯುಪಿಎಸ್

ರಾಯಚೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಸಂಜೆ ಹೊತ್ತಿಗೆ ಬೀದಿಯ ಕೂಲರ್, ಎಸಿ ಎಲ್ಲವೂ ಒಟ್ಟಿಗೆ ಚಾಲೂ ಆಗುತ್ತವೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ರೈಸ್ ಮಿಲ್ಲಿನ ಮೋಟರ್‌ಗಳೂ ಜೊತೆಗಿರುತ್ತವೆ. ಮೋಟರ್ ಶುರುವಾಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದೇ ಲೈನಿನ ಮನೆಗಳಲ್ಲಿ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಬಲ್ಬು ಮಂಕಾಗಿ ಮತ್ತೆ ಬೆಳಗುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ. ಮೋಡೆಮ್ ಮಾತ್ರ ಆಫ್ ಆಗಿ ಆನ್ ಆಗುತ್ತದೆ, ಅದು ಪೂರ್ತಿ ಎದ್ದು ನೆಟ್ ಹಿಡಿಯಲು ಎರಡು-ಮೂರು ನಿಮಿಷ ಬೇಕು. ಕರೆಂಟ್ ಹೋಗಿದ್ದು ಯಾರ ಗಮನಕ್ಕೂ ಬರುವುದಿಲ್ಲ, ನೆಟ್ ಹೋಗಿದ್ದು ಎಲ್ಲರಿಗೂ ಗೊತ್ತಾಗುತ್ತದೆ.

ಬ್ಯಾಕಪ್‌ಗೆ ದುಡ್ಡು ಹಾಕುವ ಮುಂಚೆ ಕಾರಣ ಇದೇನಾ ಎಂದು ಖಚಿತ ಮಾಡಿಕೊಳ್ಳಿ. ಮೋಡೆಮ್‌ನ ಕೆಳಗೆ ಅಂಟಿಸಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1, ಬ್ರೌಸರ್‌ನಲ್ಲಿ ಹಾಕಿ ಸ್ಟೇಟಸ್ ಪುಟಕ್ಕೆ ಹೋಗಿ. ಅಲ್ಲಿ 'ಅಪ್‌ಟೈಮ್' ಎಂಬ ಸಾಲು ಇರುತ್ತದೆ. ನೆಟ್ ಹೋಗಿ ಬಂದ ಕೂಡಲೇ ನೋಡಿದಾಗ ಅದು ಬರೀ ನಾಲ್ಕೈದು ನಿಮಿಷ ತೋರಿಸಿದರೆ ಮೋಡೆಮ್ ರೀಸ್ಟಾರ್ಟ್ ಆಗಿದೆ, ಮೊದಲ ಅನುಮಾನ ಕರೆಂಟಿನ ಮೇಲೆ. ಅಪ್‌ಟೈಮ್ ದಿನಗಟ್ಟಲೆ ಇದ್ದು ಎಲ್‌ಒಎಸ್ ಲೈಟು (ಫೈಬರ್‌ನ ಬೆಳಕು ಬರುತ್ತಿಲ್ಲ ಎಂದು ಹೇಳುವ ದೀಪ) ಕೆಂಪಾಗುತ್ತಿದ್ದರೆ ತೊಂದರೆ ಫೈಬರ್‌ನಲ್ಲಿದೆ. ಕಪಾಟಿನ ಹಿಂದೆ ಎಲ್ಲಾದರೂ ವೈರು ಮಡಚಿಕೊಂಡಿದೆಯಾ ನೋಡಿ, ಬಳುಕಿನ ತ್ರಿಜ್ಯ 3 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಅದೇ ಪುಟದಲ್ಲಿ ಒಳಬರುವ ಬೆಳಕಿನ ಅಳತೆ ಮೈನಸ್ 27 ಡಿಬಿಎಂ ದಾಟಿ ಮೈನಸ್ 28, 29 ಇದ್ದರೆ, ಅಂದರೆ ಬೆಳಕು ತೀರಾ ಮಂಕಾಗಿದ್ದರೆ, ಲೈನ್‌ಮನ್‌ನನ್ನು ಕರೆಸಲೇಬೇಕು. ಲ್ಯಾನ್ ಕೇಬಲ್ ಹಾಕಿದ ಲ್ಯಾಪ್‌ಟಾಪ್ ಸರಿಯಾಗಿ ನಡೆದು ಫೋನ್ ಮಾತ್ರ ಕಟ್ ಆಗುತ್ತಿದ್ದರೆ ಅದು ವೈಫೈ ತಕರಾರು. ಈ ಎರಡಕ್ಕೂ ಬ್ಯಾಕಪ್ ಪರಿಹಾರವಲ್ಲ.

ಕರೆಂಟೇ ಕಾರಣ ಎಂದಾದರೂ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಒಳ್ಳೆಯ ಅಡಾಪ್ಟರ್ 10ರಿಂದ 20 ಮಿಲಿಸೆಕೆಂಡಿನ ಖೋತಾವನ್ನು ತಾನೇ ನುಂಗಿಕೊಳ್ಳುತ್ತದೆ. ಅದರೊಳಗಿನ ಕೆಪಾಸಿಟರ್ ಸೆಕೆಗೆ ಒಣಗುತ್ತದೆ, ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. 12 ವೋಲ್ಟ್ 1 ಆಂಪಿಯರ್ ಇದ್ದಲ್ಲಿ 12 ವೋಲ್ಟ್ 2 ಆಂಪಿಯರ್‌ನದು ಹಾಕಿ. ಅದರ ಮೇಲೆ ಭಾರ ಕಡಿಮೆ ಬೀಳುವುದರಿಂದ ಇನ್ನಷ್ಟು ಹೊತ್ತು ತಡೆದುಕೊಳ್ಳುತ್ತದೆ. ಆಂಪಿಯರ್ ಹೆಚ್ಚಿದ್ದರೆ ಪರವಾಗಿಲ್ಲ, ವೋಲ್ಟ್ ಮಾತ್ರ ಬದಲಾಗಕೂಡದು. ಪಿನ್ ಬಹುತೇಕ 5.5 × 2.1 ಮಿ.ಮೀ., ನಡುವೆ ಪ್ಲಸ್. ಆದರೂ ಲೇಬಲ್ ಓದಿಯೇ ಕೊಳ್ಳಿ.

ಇನ್ನು ಮೂರು ಬ್ಯಾಕಪ್‌ಗಳು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಖರ್ಚು ಒಂದು ವೈರಿನದು ಮಾತ್ರ. ಫ್ಯಾನು, ಲೈಟಿನ ಇನ್ವರ್ಟರ್ ಲೈನಿನಿಂದ ಮೋಡೆಮ್‌ನ ಪ್ಲಗ್‌ವರೆಗೆ ಎಳೆಸಿದರೆ ಸಾಕು. ಆದರೆ ಎಲ್ಲ ಅದರ ಹಿಂದಿರುವ, ಮೋಡ್ ಆರಿಸುವ ಸ್ವಿಚ್ಚಿನ ಮೇಲೆ ನಿಂತಿದೆ. ಯುಪಿಎಸ್ ಮೋಡ್‌ನಲ್ಲಿ ಬ್ಯಾಟರಿಗೆ ಹೊರಳಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಮೋಡೆಮ್‌ಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಮೋಡ್‌ನಲ್ಲಿ 30, 40 ಮಿಲಿಸೆಕೆಂಡ್ ಆಗಬಹುದು, ಹಳೆಯ ಅಡಾಪ್ಟರ್ ಅಷ್ಟು ತಾಳುವುದಿಲ್ಲ. ಹಾಗಾದರೆ ಯುಪಿಎಸ್ ಮೋಡ್‌ನಲ್ಲೇ ಇಡಬಹುದಲ್ಲ ಎಂದರೆ, ನಮ್ಮ ಕಡೆ ತೊಡಕು ಅಲ್ಲೇ ಇದೆ. ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದರೆ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯ ಸಂಜೆ ವೋಲ್ಟೇಜ್ ಬೀಳುವ ಬಡಾವಣೆಯಲ್ಲಿ ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ, ನಿಜವಾಗಿ ಕರೆಂಟ್ ಹೋದಾಗ ಫ್ಯಾನಿಗೂ ಉಳಿಯುವುದಿಲ್ಲ. ನಿಮ್ಮ ಮನೆಯ ವೋಲ್ಟೇಜನ್ನು ಸಂಜೆ ಏಳೆಂಟರ ಹೊತ್ತಿಗೆ ಮಲ್ಟಿಮೀಟರ್‌ನಲ್ಲಿ ಅಳೆದು ನಿರ್ಧರಿಸಿ. 200ರ ಮೇಲಿದ್ದರೆ ಯುಪಿಎಸ್ ಮೋಡ್ ಹಾಕಿ, ಬೇರೇನೂ ಕೊಳ್ಳಬೇಡಿ.

600 ವಿಎ ಕಂಪ್ಯೂಟರ್ ಯುಪಿಎಸ್ ಹೊರಳುವಿಕೆಯಲ್ಲಿ ಚುರುಕು. ಆದರೆ ಮೋಡೆಮ್‌ಗೆ ಅದು ಅತಿಯಾಯಿತು. ಅದರ 12 ವೋಲ್ಟಿನ ಬ್ಯಾಟರಿಯನ್ನು 230 ವೋಲ್ಟ್ ಎಸಿ ಮಾಡಿ, ಅಡಾಪ್ಟರ್ ಅದನ್ನು ಮತ್ತೆ 12ಕ್ಕೆ ಇಳಿಸುವಷ್ಟರಲ್ಲಿ ಶಕ್ತಿಯ ದೊಡ್ಡ ಪಾಲು ದಾರಿಯಲ್ಲೇ ಸೋರಿ ಹೋಗಿರುತ್ತದೆ. ಕೆಲವು ಮಾಡೆಲ್‌ಗಳು ಭಾರ ತೀರಾ ಕಡಿಮೆ ಎಂದು ಬ್ಯಾಟರಿ ಉಳಿಸಲು ತಾವೇ ಬಂದ್ ಆಗುತ್ತವೆ. ಡೆಸ್ಕ್‌ಟಾಪ್‌ಗೆ ಹೇಗೂ ಯುಪಿಎಸ್ ಇದ್ದರೆ ಮೋಡೆಮನ್ನೂ ಅದಕ್ಕೆ ಸೇರಿಸಿ, ಇದಕ್ಕೆಂದೇ ಕೊಳ್ಳುವುದು ಬೇಡ.

ಮಿನಿ ಯುಪಿಎಸ್ ಅಂಗೈಯಗಲದ ಡಬ್ಬಿ. ಅಡಾಪ್ಟರ್ ಮತ್ತು ಮೋಡೆಮ್ ನಡುವೆ ಕೂರುತ್ತದೆ, ನೇರವಾಗಿ ಡಿಸಿ ಕೊಡುತ್ತದೆ. ಮೂರನ್ನೂ ಒಂದೇ ಮೋಡೆಮ್‌ಗೆ ಹಾಕಿ ನೋಡಿದ ಮೇಲೆ, ಇನ್ವರ್ಟರ್ ಇಲ್ಲದ ಅಥವಾ ವೋಲ್ಟೇಜ್ ಬೀಳುವ ಮನೆಗೆ ಇದನ್ನೇ ಹೇಳುತ್ತೇವೆ. ಬಾಡಿಗೆ ಮನೆಯವರಿಗಂತೂ ಇದೇ ಸರಿ, ವೈರಿಂಗ್ ಮುಟ್ಟುವ ಗೋಜಿಲ್ಲ. ಡಬ್ಬಿಯ ಮೇಲೆ ಬರೆದ ಎಂಎಎಚ್ (ಬ್ಯಾಟರಿಯ ಸಾಮರ್ಥ್ಯ) ನೋಡಿ ಮರುಳಾಗಬೇಡಿ, ಆ ಲೆಕ್ಕ 3.7 ವೋಲ್ಟಿನದು. 2000 ಎಂಎಎಚ್‌ನ 18650 ಸೆಲ್ (ಉರುಟಾದ ಲಿಥಿಯಂ ಸೆಲ್) ನಾಲ್ಕಿದ್ದರೆ ಸುಮಾರು 29 ವ್ಯಾಟ್-ಅವರ್. ಮೋಡೆಮ್ 8ರಿಂದ 10 ವ್ಯಾಟ್ ತಿಂದರೆ ಎರಡೂವರೆ, ಮೂರು ಗಂಟೆ ಬರುತ್ತದೆ. ಎರಡೇ ಸೆಲ್ ಇರುವುದಕ್ಕೆ ಇದರ ಅರ್ಧ.

ಇದರಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು, ಹಳೆಯ 1 ಆಂಪಿಯರ್ ಅಡಾಪ್ಟರನ್ನೇ ಇದಕ್ಕೆ ಕೊಡುವುದು. ಕರೆಂಟ್ ಬಂದಾಗ ಅದು ಮೋಡೆಮ್ ಓಡಿಸುತ್ತಾ ಖಾಲಿ ಸೆಲ್‌ಗಳನ್ನೂ ಚಾರ್ಜ್ ಮಾಡಬೇಕು. ಕಾದು, ವೋಲ್ಟೇಜ್ ಇಳಿದು, ಮೋಡೆಮ್ ಮತ್ತೆ ರೀಸ್ಟಾರ್ಟ್ ಆಗುತ್ತದೆ. 12 ವೋಲ್ಟ್ 2 ಆಂಪಿಯರ್‌ನದೇ ಬೇಕು. ಎರಡನೆಯದು ಸೆಕೆ. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ನಮ್ಮಲ್ಲಿ ಹೊರಗಿನ ಬಿಸಿಲೇ 42, 43 ಮುಟ್ಟುತ್ತದೆ. ಮೋಡೆಮ್‌ನ ಮೇಲೆ, ಫ್ರಿಜ್ಜಿನ ಮೇಲೆ, ತಗಡಿನ ಮಾಡಿನ ಕೆಳಗೆ ಇಡಬೇಡಿ. ಗಾಳಿಯಾಡುವ ಕಡೆ, ನೆಲದಿಂದ ಮೂರ್ನಾಲ್ಕು ಅಡಿ ಎತ್ತರದಲ್ಲಿ ಗೋಡೆಗೆ ಹಾಕಿ. ಡಬ್ಬಿ ಉಬ್ಬಿದ್ದು ಕಂಡರೆ ಅವತ್ತೇ ತೆಗೆದುಬಿಡಿ. 5, 9, 12 ವೋಲ್ಟಿನ ಮೂರೂ ತೂತಿರುವ ಮಾಡೆಲ್‌ನಲ್ಲಿ 9 ವೋಲ್ಟಿನ ರೌಟರ್‌ಗೆ 12 ಕೊಟ್ಟರೆ ಅದು ಸುಟ್ಟಂತೆಯೇ.

ಕೊಳ್ಳುವ ಮುಂಚೆ ಮನೆಗೆ ಬಂದಿರುವ ವೈರನ್ನೂ ನೋಡಿ. ತೆಳ್ಳನೆಯ ಫೈಬರ್ ಆಗಿದ್ದರೆ ಸಾಮಾನ್ಯವಾಗಿ ಆಪರೇಟರ್ ಕೇಂದ್ರದಿಂದ ನಿಮ್ಮ ಮನೆವರೆಗೆ ನಡುವೆ ಕರೆಂಟ್ ಬೇಡುವ ಯಂತ್ರವಿರುವುದಿಲ್ಲ. ಅವರ ಕಡೆ ಬ್ಯಾಟರಿ ಇರುವಷ್ಟು ಹೊತ್ತು ನೆಟ್ ನಡೆಯುತ್ತದೆ. ದಪ್ಪ ಲ್ಯಾನ್ ಕೇಬಲ್ ಬಂದಿದ್ದರೆ ಬೀದಿಯ ಯಾವುದೋ ಮನೆಯ ಮಾಳಿಗೆ ಮೇಲೆ ಒಂದು ನೆಟ್‌ವರ್ಕ್ ಸ್ವಿಚ್ (ನೆಟ್ಟನ್ನು ಮನೆಮನೆಗೆ ಹಂಚುವ ಡಬ್ಬಿ) ಇರುತ್ತದೆ. ಆ ಮನೆಗೆ ಕರೆಂಟ್ ಹೋದರೆ ನಿಮ್ಮ ಮೂರೂ ಬ್ಯಾಕಪ್ ವ್ಯರ್ಥ. ಆ ಸ್ವಿಚ್ಚಿಗೂ ಒಂದು ಮಿನಿ ಯುಪಿಎಸ್ ಹಾಕಿಸುವಂತೆ ಕೇಬಲ್‌ನವರನ್ನು ಕೇಳಿ. ಒಪ್ಪದಿದ್ದರೆ ಆ ದುಡ್ಡನ್ನು ಫೈಬರ್‌ಗೆ ಬದಲಿಸಿಕೊಳ್ಳಲು ಹಾಕಿ.