ಬ್ಲೂಟೂತ್ ಟ್ಯಾಗ್, ಸ್ಟಿಕ್ಕರ್, ವಾಟ್ಸಾಪ್, ವಾಕಿಟಾಕಿ: ನಮ್ಮ 50 ಹಾಸಿಗೆಯ ಆಸ್ಪತ್ರೆಯಲ್ಲಿ ಉಳಿದದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯೂಆರ್ ಸ್ಟಿಕ್ಕರ್‌ಗೆ ಮತ್ತು ಗೋಡೆ ಮೇಲಿನ ಹಳೇ ಇಂಟರ್‌ಕಾಮ್‌ಗೆ. ಬ್ಲೂಟೂತ್ ಟ್ಯಾಗ್ ಅಂತ 56 ಸಾವಿರ ಸುರಿದೆವು. ಆ ಟ್ಯಾಗ್‌ಗಳೆಲ್ಲ ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿ ಬಿದ್ದಿವೆ. ಹೊಟ್ಟೆಉರಿ ಇದ್ದೇ ಇದೆ. ಹಾಗಾಗಿ ಇದು ತಕ್ಕಡಿ ಹಿಡಿದು ತೂಗಿದ ಹೋಲಿಕೆ ಅಂದುಕೊಳ್ಳಬೇಡಿ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಖಾಸಗಿ ಆಸ್ಪತ್ರೆ. ಕೆಳಗೆ ಕ್ಯಾಷುಯಲ್ಟಿ, ಲ್ಯಾಬ್, ಎಕ್ಸ್‌ರೇ. ಮೊದಲ ಮಹಡಿಯಲ್ಲಿ ಓಟಿ ಮತ್ತು 6 ಬೆಡ್‌ನ ಐಸಿಯು. ಎರಡನೇ ಮಹಡಿ ಪೂರ್ತಿ ವಾರ್ಡು. ಲಿಫ್ಟ್ ಒಂದೇ. ನಾನು 11 ವರ್ಷ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು, ಈಗ 3 ವರ್ಷದಿಂದ ಆಡಳಿತ ನೋಡಿಕೊಳ್ಳುತ್ತಿದ್ದೇನೆ. ಅಂದರೆ ಸಾಮಾನು ಬಚ್ಚಿಡುವ ಕಡೆಯೂ ಇದ್ದೆ, ಈಗ ಹುಡುಕುವ ಕಡೆಗೆ ಬಂದಿದ್ದೇನೆ.

ಬಚ್ಚಿಡುವುದು ಅಂದರೆ ಕಳ್ಳತನ ಅಲ್ಲ. ನಮ್ಮಲ್ಲಿ ಸಿರಿಂಜ್ ಪಂಪ್, ಅಂದರೆ ಸಿರಿಂಜಿನ ಔಷಧಿಯನ್ನು ಅಳತೆಯಲ್ಲಿ ನಿಧಾನಕ್ಕೆ ಮೈಗೆ ಬಿಡುವ ಮಷೀನು, ಇರುವುದು 7. ಐಸಿಯುನವರು ಕೇಳಿದರು ಅಂತ ವಾರ್ಡಿನಿಂದ ಒಂದು ಕೊಟ್ಟರೆ ಅದು ವಾಪಸ್ ಬರಲು ವಾರ ಬೇಕು. ಅದಕ್ಕೇ ಡ್ಯೂಟಿ ಮುಗಿಸಿ ಹೋಗುವ ಸಿಸ್ಟರ್ ಒಂದು ಪಂಪನ್ನು ಬೀರುವಿನಲ್ಲಿ ಬೆಡ್‌ಶೀಟ್ ಹಿಂದೆ ಸೇರಿಸಿ, ಮುಂದಿನ ಸಿಸ್ಟರ್ ಕಿವಿಯಲ್ಲಿ ಮಾತ್ರ ಹೇಳಿ ಹೋಗುತ್ತಾಳೆ. ನಾನೂ ಮಾಡಿದ್ದೇನೆ. ಯಾವ ಆಸ್ಪತ್ರೆಯ ಸಿಸ್ಟರನ್ನು ಬೇಕಾದರೂ ಕೇಳಿ, ನಗುತ್ತಾರೆ.

ಅದಕ್ಕೆ ಔಷಧಿ ಅಂತ ಬಂದದ್ದು ಬ್ಲೂಟೂತ್ ಟ್ಯಾಗ್. ಕಂಪನಿಯ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ, ಆಸ್ಪತ್ರೆಯ ನಕ್ಷೆ ಮೇಲೆ ಹಸಿರು ಚುಕ್ಕಿಗಳು ಓಡಾಡುವುದನ್ನು ತೋರಿಸಿದ. ನಮ್ಮ ಡಾಕ್ಟರ್ ಸಾಹೇಬರು ಅಲ್ಲೇ ಮರುಳಾದರು. ಕೆಲಸ ಮಾಡುವ ರೀತಿ ಸರಳ. ಒಂದು ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ ಟ್ಯಾಗ್ ಪಂಪಿಗೆ ಅಂಟಿಸುತ್ತಾರೆ. ಅದು ಆಗಾಗ "ನಾನು ಇಲ್ಲಿದ್ದೇನೆ" ಅಂತ ಸಣ್ಣ ಸಿಗ್ನಲ್ ಬಿಡುತ್ತದೆ. ಮಹಡಿಗಳಲ್ಲಿ ಅಲ್ಲಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ಗೇಟ್‌ವೇ ಅನ್ನೋ ಡಬ್ಬಿಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಯಾವ ಡಬ್ಬಿಗೆ ಜೋರಾಗಿ ಕೇಳಿಸಿತೋ ಪಂಪ್ ಅದರ ಹತ್ತಿರ ಇದೆ ಅಂತ ಲೆಕ್ಕ. 24 ಟ್ಯಾಗ್, 8 ಗೇಟ್‌ವೇ, ತಿಂಗಳಿಗೆ 2,500 ಸಾಫ್ಟ್‌ವೇರ್ ಬಾಡಿಗೆ ಬೇರೆ.

ಮೊದಲ 15 ದಿನ ಹಬ್ಬ. ಬೀರುವಿನ ಪಂಪ್ ಕೂಡ ಸಿಕ್ಕಿತು, ವಾರ್ಡಿನವರು ಮುಖ ಸಣ್ಣ ಮಾಡಿಕೊಂಡರು.

ಆಮೇಲೆ ಒಂದು ರಾತ್ರಿ 2 ಗಂಟೆಗೆ ಕ್ಯಾಷುಯಲ್ಟಿಗೆ ಬಿಪಿ ಬಿದ್ದುಹೋದ ಪೇಷಂಟ್ ಬಂದರು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹಾಕಬೇಕು, ಪಂಪ್ ಬೇಕು. ಸ್ಕ್ರೀನ್ ನೋಡಿದರೆ ಒಂದು ಪಂಪ್ ಎರಡನೇ ಮಹಡಿಯ ಮೂಲೆಯ ರೂಮಿನಲ್ಲಿ ಇದೆ ಅಂತ ತೋರಿಸುತ್ತಿದೆ. ವಾರ್ಡ್ ಬಾಯ್ ಓಡಿದ. ರೂಮಿನಲ್ಲಿ ಪಂಪ್ ಇಲ್ಲ. ಮಂಚದ ಕೆಳಗೆ, ಬಾತ್‌ರೂಮಿನಲ್ಲಿ, ಮಲಗಿದ್ದ ಪೇಷಂಟಿನ ಮಗನನ್ನು ಎಬ್ಬಿಸಿ ಅವನ ಬ್ಯಾಗಿನ ಹಿಂದೆ ಕೂಡ ನೋಡಿದ. ಆ ಮನುಷ್ಯ ಬೆಳಗ್ಗೆ ಬಂದು ನನ್ನ ಹತ್ತಿರ ಜಗಳ ಆಡಿದ, ನಾವೇನು ಕಳ್ಳರಾ ಅಂತ. ನ್ಯಾಯವೇ. ಅಷ್ಟರಲ್ಲಿ ಐಸಿಯು ಸಿಸ್ಟರ್ ತನ್ನ ಪಕ್ಕದಲ್ಲೇ ಇದ್ದ ಪಂಪ್ ಎತ್ತಿಕೊಂಡು ಮೆಟ್ಟಿಲು ಇಳಿದು ಬಂದಿದ್ದಳು. ಸ್ಕ್ರೀನ್ ಎರಡನೇ ಮಹಡಿ ಅಂತ ತೋರಿಸುತ್ತಿದ್ದ ಪಂಪ್ ಅದೇ! ಒಂದು ಮಹಡಿ ಕೆಳಗೆ, ಸರಿಯಾಗಿ ಆ ರೂಮಿನ ಅಡಿಯಲ್ಲಿ ಇತ್ತು.

ಕಂಪನಿ ಹುಡುಗ ಬಂದ. ಹಗಲು ಹೊತ್ತು ನೋಡಿದ, ಎಲ್ಲ ಸರಿ ಇದೆ. ಕ್ಯಾಲಿಬ್ರೇಷನ್ ಮಾಡಿದ್ದೇನೆ ಅಂದು ಕಾಫಿ ಕುಡಿದು ಹೋದ. ಮೂರನೇ ದಿನ ರಾತ್ರಿ ಮತ್ತೆ ಅದೇ ಕಥೆ. ಮತ್ತೆ ಬಂದ, ಮತ್ತೆ ಹಗಲು, ಮತ್ತೆ ಸರಿ. ಹಗಲು ಸತ್ಯ ಹೇಳುವ ಮಷೀನು ರಾತ್ರಿ ಮಾತ್ರ ಯಾಕೆ ಸುಳ್ಳು ಹೇಳುತ್ತದೆ ಅಂತ ನನಗೆ ತಲೆ ಕೆಟ್ಟು, ಒಂದು ದಿನ ನೈಟ್ ಡ್ಯೂಟಿಗೆ ನಾನೇ ಕೂತೆ.

ರಾತ್ರಿ 11 ಗಂಟೆಗೆ ಐಸಿಯು ಮೇಜಿನ ಹತ್ತಿರ ನಮ್ಮ ಸಿಸ್ಟರ್, ಪಾಪ, ಸಹಜವಾಗಿ ಗೇಟ್‌ವೇ ಡಬ್ಬಿಯನ್ನು ಪ್ಲಗ್ಗಿನಿಂದ ಕಿತ್ತು ಪಕ್ಕಕ್ಕಿಟ್ಟು ಫೋನ್ ಚಾರ್ಜಿಗೆ ಹಾಕಿದಳು. ಬೆಳಗ್ಗೆ 7ಕ್ಕೆ ಫೋನ್ ತೆಗೆದು ಡಬ್ಬಿಯನ್ನು ಮತ್ತೆ ಸಿಕ್ಕಿಸಿ ಹೋಗುತ್ತಿದ್ದಳಂತೆ, ತಿಂಗಳಿಂದ. ಅವಳ ತಪ್ಪೇನೂ ಇಲ್ಲ. ಮಿಕ್ಕ ಪ್ಲಗ್ಗುಗಳೆಲ್ಲ ಮಾನಿಟರ್‌ಗೆ, ವೆಂಟಿಲೇಟರ್‌ಗೆ ಹೋಗಿವೆ, ಆ ಡಬ್ಬಿ ಏನು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಐಸಿಯು ಡಬ್ಬಿ ಕಿವುಡಾದ ಮೇಲೆ, ಪೈಪು ಹೋಗುವ ಡಕ್ಟ್ ಮೂಲಕ ಮೇಲಿನ ಮಹಡಿಯ ಡಬ್ಬಿಗೆ ಒಂಚೂರು ಸಿಗ್ನಲ್ ಕೇಳಿಸುತ್ತಿತ್ತು. ಇರುವುದರಲ್ಲಿ ಅದೇ ಜೋರು. ಸಾಫ್ಟ್‌ವೇರ್ ನಿಶ್ಚಿಂತೆಯಿಂದ ಎರಡನೇ ಮಹಡಿ ಅಂತ ಬರೆಯಿತು. "ಐಸಿಯು ಡಬ್ಬಿ ಸತ್ತಿದೆ, ನನಗೆ ಗೊತ್ತಾಗುತ್ತಿಲ್ಲ" ಅಂತ ಒಂದು ಸಾಲು ತೋರಿಸಿದ್ದರೆ ಸಾಕಿತ್ತು. ಅದು ಬೇರೆ ಪುಟದಲ್ಲಿ ತೋರಿಸುತ್ತದಂತೆ. ಆ ಪುಟ ನೋಡಲು ಬೇರೆ ಲಾಗಿನ್ ಬೇಕಂತೆ.

ಎಲೆಕ್ಟ್ರಿಷಿಯನ್ ಕರೆಸಿ ಡಬ್ಬಿಗಳಿಗೆ ಗೋಡೆಯ ಮೇಲ್ಭಾಗದಲ್ಲಿ ಬೇರೆ ಪಾಯಿಂಟ್ ಕೊಡಿಸಿದೆ, ಸ್ವಿಚ್ ಮೇಲೆ ಟೇಪ್ ಹೊಡೆದು "ಮುಟ್ಟಬೇಡಿ" ಅಂತ ಬರೆಸಿದೆ. ಆಮೇಲೂ ಪೂರ್ತಿ ಸರಿಹೋಗಲಿಲ್ಲ. ಈ ಟ್ಯಾಗ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ವೈಫೈ ಓಡುವುದೂ ಎಷ್ಟೋ ಕಡೆ ಅಲ್ಲೇ. ಮನುಷ್ಯನ ಮೈಯಲ್ಲಿ ಇರುವ ನೀರು ಆ ಸಿಗ್ನಲ್ಲನ್ನು ಚೆನ್ನಾಗಿ ಹೀರುತ್ತದೆ. ವೀಲ್‌ಚೇರಿನ ಸೀಟಿನಡಿ ಅಂಟಿಸಿದ ಟ್ಯಾಗ್, ದಪ್ಪಗಿರುವ ಪೇಷಂಟ್ ಕೂತ ತಕ್ಷಣ ಮಂಕಾಗುತ್ತಿತ್ತು. ಎಕ್ಸ್‌ರೇ ರೂಮಿನ ಸೀಸದ ಬಾಗಿಲ ಹಿಂದೆ ಹೋದರೆ ಮಾಯವೇ. ವರ್ಷ ಬರುತ್ತದೆ ಅಂದಿದ್ದ ಸೆಲ್ 6 ತಿಂಗಳಿಗೆ ಮುಗಿಯಿತು. ಸ್ಪಿರಿಟ್ ಹಾಕಿ ಒರೆಸಿ ಒರೆಸಿ ಅಂಟು ಬಿಟ್ಟು, ಎರಡು ಟ್ಯಾಗ್ ಲಾಂಡ್ರಿಗೆ ಹೋಗಿ ಬಂದವು. ಅಷ್ಟಕ್ಕೆ ನಾನು ಕೈ ಮುಗಿದೆ.

ನಡುವೆ ಡಾಕ್ಟರ್ ಸಾಹೇಬರು ಕೀ ಹುಡುಕಲು ಬಳಸುವ ಏರ್‌ಟ್ಯಾಗ್ ಒಂದನ್ನು ವೀಲ್‌ಚೇರಿಗೆ ಕಟ್ಟಿ ನೋಡಿದರು. 2021ರಲ್ಲಿ ಬಂದದ್ದು, ಒಳ್ಳೆ ವಸ್ತುವೇ. ಆದರೆ ಹತ್ತಿರದಲ್ಲಿ ಆಪಲ್ ಫೋನ್ ಇದ್ದರೆ ತಾನೇ ಅದು ಎಲ್ಲಿದೆ ಅಂತ ಗೊತ್ತಾಗುವುದು. ನಮ್ಮ ಸ್ಟಾಫಿನಲ್ಲಿ ಆಪಲ್ ಫೋನ್ ಇರುವುದು ಅವರೊಬ್ಬರ ಕೈಯಲ್ಲಿ. ಅವರು ಮನೆಗೆ ಹೋದರೆ ವೀಲ್‌ಚೇರ್ ಕಾಣೆ.

ಆರ್‌ಎಫ್‌ಐಡಿಯವರು, ಅಂದರೆ ರೀಡರ್ ಬಿಡುವ ರೇಡಿಯೊ ಅಲೆಗೆ ಉತ್ತರ ಕೊಡುವ ಟ್ಯಾಗ್ ಮಾರುವವರು, ಒಂದು ದಿನ ಡೆಮೊ ಕೊಟ್ಟರು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಇದಕ್ಕೆ ಲೈಸೆನ್ಸ್ ಇಲ್ಲದೆ ಸಿಗುತ್ತದೆ, ಟ್ಯಾಗಿಗೆ ಸೆಲ್ಲೂ ಬೇಡ. ಆದರೆ ಆಸ್ಪತ್ರೆಯ ಸಾಮಾನೆಲ್ಲ ಲೋಹ. ಲೋಹದ ಮೇಲೆ ಅಂಟಿಸಿದ ಮಾಮೂಲಿ ಟ್ಯಾಗನ್ನು ರೀಡರ್ ಸರಿಯಾಗಿ ಓದುವುದಿಲ್ಲ, ಅದಕ್ಕೆಂದೇ ಮಾಡಿದ್ದು ಬೇಕು. ರೀಡರ್ ಬೆಲೆ ಕೇಳಿ ಟೀ ಕೊಟ್ಟು ಕಳಿಸಿದೆವು. ದಿನಕ್ಕೆ ಸಾವಿರ ಬೆಡ್‌ಶೀಟ್ ಒಗೆಯುವ ಕಡೆ ಅದು ಸರಿಯೇನೋ.

ಈಗ ನನ್ನ ಸ್ಟಿಕ್ಕರ್ ಕಥೆ. ಬೆಳ್ಳಿ ಬಣ್ಣದ ಪಾಲಿಯೆಸ್ಟರ್ ಲೇಬಲ್, ಪ್ರೆಸ್ಸಿನಲ್ಲಿ 100ಕ್ಕೆ 700 ರೂಪಾಯಿ. ಕಾಗದದ್ದು ಹಾಕಿಸಬೇಡಿ, ಸ್ಪಿರಿಟ್‌ಗೆ ಒಂದೇ ವಾರ. ಸ್ಟಿಕ್ಕರ್ ಮೇಲೆ ಕ್ಯೂಆರ್ ಇದೆ, ಕೆಳಗೆ ದಪ್ಪ ಅಕ್ಷರದಲ್ಲಿ ಕಣ್ಣಿಗೆ ಕಾಣುವ ಹಾಗೆ "ಪಂಪ್ 4" ಅಂತ ಇದೆ. ಈ ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಸ್ಕ್ಯಾನ್ ಮಾಡಿದರೆ ಗೂಗಲ್ ಫಾರ್ಮ್ ತೆರೆಯುತ್ತದೆ, ಪಂಪಿನ ನಂಬರ್ ತಾನೇ ತುಂಬಿರುತ್ತದೆ, ಮಹಡಿ ಒತ್ತಬೇಕು, ಅಷ್ಟೇ.

ಇದರಲ್ಲೂ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಎಮರ್ಜೆನ್ಸಿಯಲ್ಲಿ ಯಾರೂ ಸ್ಕ್ಯಾನ್ ಮಾಡುವುದಿಲ್ಲ, ಮಾಡಲೂಬಾರದು. ಶುರುವಿನಲ್ಲಿ ನಾನು ಪ್ರತಿ ಸಲ ಎತ್ತಿದಾಗಲೂ ಸ್ಕ್ಯಾನ್ ಮಾಡಿ ಅಂದಿದ್ದೆ, ನಾಲ್ಕು ದಿನವೂ ನಡೆಯಲಿಲ್ಲ. ಈಗ ನಿಯಮ ಒಂದೇ: ಒಂದು ಡ್ಯೂಟಿಯವರು ಮುಂದಿನವರಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ, ದಿನಕ್ಕೆ 3 ಸಲ, ತಮ್ಮ ಮಹಡಿಯಲ್ಲಿ ಏನೇನಿದೆಯೋ ಅಷ್ಟನ್ನು ಸ್ಕ್ಯಾನ್ ಮಾಡುವುದು. 5 ನಿಮಿಷ ಸಾಕು. ಹಾಗಾಗಿ ಶೀಟಿನಲ್ಲಿ ಇರುವುದು "ಪಂಪ್ 4, ಮಧ್ಯಾಹ್ನ 2 ಗಂಟೆಗೆ ಐಸಿಯುನಲ್ಲಿತ್ತು" ಅನ್ನುವ ಮಾಹಿತಿ. ಈಗ ಎಲ್ಲಿದೆ ಅಂತ ಅದು ಹೇಳುವುದೂ ಇಲ್ಲ, ಹೇಳುತ್ತೇನೆ ಅಂತ ನಟಿಸುವುದೂ ಇಲ್ಲ. ಐಸಿಯುಗೆ ಒಂದು ಫೋನ್ ಮಾಡಿದರೆ ಮಿಕ್ಕದ್ದು ಗೊತ್ತಾಗುತ್ತದೆ. ಬೀರುವಿನಲ್ಲಿ ಬಚ್ಚಿಡುವುದೂ ಕಡಿಮೆ ಆಗಿದೆ, ಯಾಕೆಂದರೆ ಪಂಪ್ ಎಲ್ಲಿಗೆ ಹೋಗಿದೆ ಅಂತ ಬರವಣಿಗೆಯಲ್ಲಿ ಇದೆ, ವಾಪಸ್ ಕೇಳಲು ಧೈರ್ಯ ಬಂದಿದೆ.

ಫೋನ್ ಅಂದೆ, ಅಲ್ವಾ. ಮಾತಿನ ಕಡೆಯೂ ನಾವು ಮೂರು ಬಗೆ ನೋಡಿದ್ದೇವೆ.

ವಾಟ್ಸಾಪ್ ಗ್ರೂಪ್ ಎಲ್ಲರಿಗೂ ಇಷ್ಟ, ಖರ್ಚೂ ಇಲ್ಲ. ನನಗೆ ಭಯ. ಒಂದು ಬೆಳಗ್ಗೆ ಲ್ಯಾಬ್‌ನಿಂದ ಒಬ್ಬರ ಪೊಟ್ಯಾಸಿಯಂ 6.8 ಅಂತ ಬಂತು, ಹೃದಯಕ್ಕೆ ಅಪಾಯದ ಮಟ್ಟ. ಗ್ರೂಪಿನಲ್ಲಿ ಹಾಕಿದರು. ಅದರ ಮೇಲೆ ಶುಭೋದಯದ ಗುಲಾಬಿ, ಕೆಳಗೆ ಯಾರದ್ದೋ ಹುಟ್ಟುಹಬ್ಬದ ಕೇಕು. 14 ಜನ ನೋಡಿದ್ದಾರೆ ಅಂತ ತೋರಿಸುತ್ತಿದೆ, 14 ಜನವೂ ಇನ್ನೊಬ್ಬರು ಡಾಕ್ಟರ್‌ಗೆ ಹೇಳಿರುತ್ತಾರೆ ಅಂದುಕೊಂಡರು. 25 ನಿಮಿಷ ಆದಮೇಲೆ ಲ್ಯಾಬಿನ ಹುಡುಗಿ ಅನುಮಾನ ಬಂದು ತಾನೇ ಮೇಲೆ ಹತ್ತಿ ಬಂದಳು. ಪುಣ್ಯಕ್ಕೆ ಪೇಷಂಟ್ ಉಳಿದರು. ಇನ್ನೊಂದು, ರಿಪೋರ್ಟಿನ ಫೋಟೊಗಳೆಲ್ಲ ಸಿಸ್ಟರ್‌ಗಳ ಫೋನಿನ ಗ್ಯಾಲರಿಗೆ ಹೋಗಿ ಕೂರುತ್ತವೆ, ಮನೆಯ ಮಕ್ಕಳ ಫೋಟೊ ಪಕ್ಕದಲ್ಲೇ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿರುವಾಗ ಇದು ಸುಮ್ನೆ ಮೈಮೇಲೆ ಎಳೆದುಕೊಳ್ಳುವ ಕೆಲಸ. ಈಗ ಗ್ರೂಪು ಇರುವುದು ಡ್ಯೂಟಿ ಪಟ್ಟಿಗೆ, ರಜೆಗೆ, ಗುಲಾಬಿಗೆ.

ವಾಕಿಟಾಕಿ 4 ತಂದೆವು. ಕೊಳ್ಳುವವರು ಒಂದು ವಿಷಯ ನೋಡಿ: 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ ಲೈಸೆನ್ಸ್ ಬೇಡ. ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸಬೇಡಿ. ಫ್ರೀಕ್ವೆನ್ಸಿ, ಲೈಸೆನ್ಸ್ ವಿವರ ಸರಿಯಾಗಿ ಹೇಳದೆ ಮಾರುತ್ತಿದ್ದಕ್ಕೆ 2025ರ ಮೇನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟದವರಿಗೇ ನೋಟಿಸ್ ಕೊಟ್ಟಿತ್ತು. ಸೆಟ್ಟು ಕೆಲಸ ಚೆನ್ನಾಗಿಯೇ ಮಾಡುತ್ತದೆ, ತೀರಾ ಚೆನ್ನಾಗಿ ಅನ್ನಿ. ಒಂದು ಸಂಜೆ ಸೆಕ್ಯುರಿಟಿ ಅಣ್ಣನ ಸೊಂಟದಿಂದ "ಹನ್ನೆರಡನೇ ಬೆಡ್ ಹೋಯ್ತು, ಟ್ರಾಲಿ ತಗೊಂಡು ಬನ್ನಿ" ಅಂತ ಜೋರಾಗಿ ಬಂತು. ಅವನ ಎದುರಿಗೆ ಟೀ ಫ್ಲಾಸ್ಕ್ ಹಿಡಿದು ನಿಂತಿದ್ದವಳು ಹನ್ನೆರಡನೇ ಬೆಡ್ಡಿನವರ ಮಗಳು. ಆ ಮುಖ ನನಗೆ ಇನ್ನೂ ಮರೆತಿಲ್ಲ. ಅವತ್ತಿನಿಂದ ವಾಕಿಟಾಕಿ ಗೇಟು, ಆಂಬುಲೆನ್ಸ್, ಲಿಫ್ಟ್ ಈ ಮೂರಕ್ಕೆ ಮಾತ್ರ. ಪೇಷಂಟ್ ವಿಷಯ ಅದರಲ್ಲಿ ಆಡುವಂತಿಲ್ಲ. ಐಸಿಯು ಒಳಗೂ ಒಯ್ಯುವಂತಿಲ್ಲ, ಹತ್ತಿರದಲ್ಲಿ ಬಟನ್ ಒತ್ತಿ ಮಾತಾಡಿದರೆ ಮಷೀನುಗಳಿಗೆ ತೊಂದರೆ ಆಗಬಹುದು.

ಉಳಿದದ್ದು ಇಂಟರ್‌ಕಾಮ್. ಆಸ್ಪತ್ರೆ ಕಟ್ಟಿದಾಗ ಹಾಕಿದ್ದು, ವೈರು ಸುರುಳಿ ಸುತ್ತಿಕೊಂಡು ಮುದ್ದೆಯಾಗಿದೆ. ಚಾರ್ಜ್ ಬೇಡ. ಬೆಲ್ ಆದರೆ ಯಾರಾದರೂ ಒಬ್ಬರು ಎತ್ತಲೇಬೇಕು, ಎತ್ತಿದವರು ಹೊಣೆ. ಲ್ಯಾಬಿನವರು ಹೇಳಿದ ಅಂಕಿಯನ್ನು ಎತ್ತಿದವರು ತಿರುಗಿ ಹೇಳಬೇಕು, ಎರಡೂ ಕಡೆ ಪುಸ್ತಕದಲ್ಲಿ ಟೈಮ್ ಮತ್ತು ಹೆಸರು ಬರೆಯಬೇಕು. ಕ್ಯಾಷುಯಲ್ಟಿಯ ಹ್ಯಾಂಡ್‌ಸೆಟ್ ವರ್ಷಕ್ಕೊಮ್ಮೆ ಕೆಡುತ್ತದೆ, 450 ರೂಪಾಯಿ.

ಹಳೇದನ್ನು ಹಿಡಿದುಕೊಂಡು ಕೂತಿದ್ದೀರಿ ಅಂತ ನಗುವವರೂ ಇದ್ದಾರೆ. ನಗಲಿ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2019ರಲ್ಲೂ ಸುಮಾರು 1,30,000 ಪೇಜರ್, ಅಂದರೆ ಮೊಬೈಲಿಗೆ ಮುಂಚಿನ ಕಾಲದ ಸಂದೇಶದ ಡಬ್ಬಿಗಳು, ಓಡುತ್ತಿದ್ದವು. 2021ರ ಕೊನೆಗೆ ಬಿಡಿ ಅಂತ ಅಲ್ಲಿನ ಆರೋಗ್ಯ ಮಂತ್ರಿಯೇ ಹೇಳಬೇಕಾಯಿತು. ನಮ್ಮಲ್ಲಿ ಪೇಜರ್ ಮರೆತೇಹೋಗಿದ್ದ ಕಾಲ ಅದು.

300 ಹಾಸಿಗೆ ಇದ್ದು, ಡಬ್ಬಿ ಸತ್ತಿದೆಯಾ ಅಂತ ದಿನಾ ನೋಡಲು ಬಯೋಮೆಡಿಕಲ್ ವಿಭಾಗದ ಜನ ಇದ್ದರೆ ಟ್ಯಾಗ್ ಹಾಕಿಸಿ, ನಾನು ಬೇಡ ಅನ್ನುವುದಿಲ್ಲ. ಗೇಟ್‌ವೇಗೆ ಮೊದಲ ದಿನವೇ ಬೇರೆ ಪಾಯಿಂಟ್ ಕೊಡಿಸಿ, ಸ್ಟಾಫಿನ ಫೋನಿಗೆ ಒಂದು ಚಾರ್ಜಿಂಗ್ ಬೋರ್ಡನ್ನೂ ಕೊಡಿಸಿ. ನನ್ನ ಹತ್ತಿರ ಇರುವುದು 3 ಮಹಡಿ, ಒಂದು ಲಿಫ್ಟು, ಮತ್ತು ಕೇಳಿದರೆ ಉತ್ತರ ಕೊಡುವ 22 ಸಿಸ್ಟರ್‌ಗಳು.

ಡ್ರಾಯರ್‌ನಲ್ಲಿರುವ ಟ್ಯಾಗ್‌ಗಳನ್ನು ಕೊಳ್ಳುವವರು ಯಾರೂ ಸಿಕ್ಕಿಲ್ಲ. ಕೊನೇ ಸಲ ಹಾಕಿಸಿದ್ದ 24 ಹೊಸ ಸೆಲ್ ಮಾತ್ರ ದಂಡ ಆಗಲಿಲ್ಲ. ಸಿಆರ್2032, ವಾರ್ಡಿನ ಶುಗರ್ ಚೆಕ್ ಮಾಡುವ ಮಷೀನಿಗೂ ಅದೇ.