ಕಾರಿನ ಮೀಟರ್ ಲೈಟ್‌ಗೆ ನೀಲಿ, ಕೆಂಪು, ಆಂಬರ್ (ಕಿತ್ತಳೆ) ಮೂರೂ ಹಾಕಿ ನೋಡಿದೀನಿ, ಮೂರು ವರ್ಷದ ಅನುಭವ

ನಂದು ಹಳೆ ಮಾರುತಿ. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಪಾಂಡವಪುರದ ಹತ್ರ ನಮ್ಮೂರು ಸೇರೋಷ್ಟರಲ್ಲಿ ರಾತ್ರಿ ಹನ್ನೆರಡು ಆಗುತ್ತೆ. ಶ್ರೀರಂಗಪಟ್ಟಣದವರೆಗೂ ಪರವಾಗಿಲ್ಲ, ಆಮೇಲೆ ನಾಲೆ ಏರಿ ಮೇಲಿನ ರೋಡು, ಬೀದಿ ದೀಪ ಇಲ್ಲ, ಕಬ್ಬು ಕಟಾವು ಶುರುವಾದ್ರೆ ಹಿಂದ್ಗಡೆ ಒಂದು ರೇಡಿಯಂ ಸ್ಟಿಕ್ಕರೂ ಇಲ್ದಿರೋ ಟ್ರೈಲರ್‌ಗಳು ಸಡನ್ನಾಗಿ ಮುಂದೆ ಬಂದ್ಬಿಡ್ತವೆ.

ಮೀಟರ್ ಬಲ್ಬ್ ಹೋದಾಗ ಅಂಗಡಿಯವರು ಐಸ್ ಬ್ಲೂ ಎಲ್ಇಡಿ ಹಾಕಿಕೊಟ್ರು. ಶೋರೂಮ್ ಗಾಡಿ ಥರ ಕಾಣ್ತಿತ್ತು ನಿಜ, ಆದ್ರೆ ನಾಲೆ ರೋಡಿಗೆ ಬಂದ್ಮೇಲೆ ನಂಬರ್ ಸುತ್ತ ಮಂಜು ಕಟ್ಟಿದ ಹಾಗೆ, ಮೀಟರ್ ನೋಡಿ ತಲೆ ಎತ್ತಿದ್ರೆ ರೋಡಿನ ಅಂಚು ಒಂದು ಗಳಿಗೆ ಕಾಣ್ತಾನೇ ಇರ್ಲಿಲ್ಲ. ಕತ್ತಲಲ್ಲಿ ನೋಡೋಕಿರೋ ನಮ್ಮ ಕಣ್ಣಿನ ರಾಡ್ ಕೋಶಗಳು ಸುಮಾರು 500 ನ್ಯಾನೋಮೀಟರ್ ಬೆಳಕಿಗೆ, ಅಂದ್ರೆ ನೀಲಿ-ಹಸಿರಿಗೇ ಜಾಸ್ತಿ ಸ್ಪಂದಿಸೋದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಆ ಹೊಂದಾಣಿಕೆನ ಬೇಗ ಕೆಡಿಸೋದು ಇದೇ ಬಣ್ಣ. ಎಂಟು ತಿಂಗಳು ಒದ್ದಾಡಿ ತೆಗೆಸಿದೆ.

ಆಮೇಲೆ ಕೆಂಪು. ರಾಡ್ ಕೋಶಕ್ಕೆ ಕೆಂಪು ಹೆಚ್ಚುಕಮ್ಮಿ ತಾಗಲ್ಲ, ಅದಕ್ಕೇ ಸಬ್‌ಮೆರೀನ್ ಒಳಗೂ ರಾತ್ರಿ ಕೆಂಪು ದೀಪ ಹಾಕ್ತಿದ್ದಿದ್ದು. ಫಿಟ್ ಮಾಡಿ ಆನ್ ಮಾಡಿದ್ರೆ ಮೀಟರ್ ಕಪ್ಪಗೇ ಕೂತಿತ್ತು, ಬಿಚ್ಚಿ ನೋಡಿದ್ರೆ ಡಯಲ್ ಹಿಂದೆ ಹಸಿರು ಫಿಲ್ಟರ್, ಅದ್ರಲ್ಲಿ ಕೆಂಪು ಬೆಳಕು ಎಲ್ಲಿಂದ ದಾಟ್ಬೇಕು? ಅದನ್ನ ತೆಗೆದ್ಮೇಲೆ ರೋಡು ನಿಜಕ್ಕೂ ಚೆನ್ನಾಗಿ ಕಾಣೋಕೆ ಶುರುವಾಯ್ತು. ಆದ್ರೆ ಒಂದಿನ ನಮ್ಮಪ್ಪ ಓಡಿಸ್ತಾ "ಇದೇನ್ಲಾ, ನಂಬ್ರನೇ ತಿಳಿಯಾಕಿಲ್ವಲ್ಲ" ಅಂದ್ರು. ವಯಸ್ಸಾದ ಕಣ್ಣಿಗೆ ಹತ್ತಿರದ ಕೆಂಪು ಅಕ್ಷರ ಫೋಕಸ್ ಮಾಡೋದು ಕಷ್ಟ ಕಣ್ರೀ. ಇನ್ನೊಂದಿನ ಹ್ಯಾಂಡ್ ಬ್ರೇಕ್ ಅರ್ಧ ಎಳೆದಿರೋದು ಗೊತ್ತಾಗ್ದೆ ಶ್ರೀರಂಗಪಟ್ಟಣದ ಹತ್ರದ ಕಿರಂಗೂರುವರೆಗೂ ಬಂದಿದೀನಿ, ಡಯಲ್ಲೇ ಕೆಂಪಾಗಿದ್ರೆ ಕೆಂಪು ವಾರ್ನಿಂಗ್ ದೀಪ ಎದ್ದು ಕಾಣೋದಾದ್ರೂ ಹೇಗೆ.

ಈಗ ಸುಮಾರು ಎರಡು ವರ್ಷದಿಂದ ಆಂಬರ್. ಬಿಎಂಡಬ್ಲ್ಯೂನವರು ಎಷ್ಟೋ ವರ್ಷ ಈ ಕಿತ್ತಳೆ ಬಣ್ಣನೇ ಇಟ್ಕೊಂಡಿದ್ರು. ನಾನು ಎಲ್ಇಡಿ ಬಿಟ್ಟು ಮಾಮೂಲಿ ಫಿಲಮೆಂಟ್ ಬಲ್ಬಿಗೇ ಆಂಬರ್ ರಬ್ಬರ್ ಕ್ಯಾಪ್ ಹಾಕಿಸ್ದೆ, ಯಾಕಂದ್ರೆ ನನ್ನ ಗಾಡಿ ಡಿಮ್ಮರ್‌ಗೆ (ಮೀಟರ್ ಬೆಳಕು ಹೆಚ್ಚು ಕಮ್ಮಿ ಮಾಡೋ ತಿರುಪು) ಎಲ್ಇಡಿ ಒಗ್ಗಲಿಲ್ಲ, ಸ್ವಲ್ಪ ತಿರುಗಿಸಿದ್ರೆ ಫುಲ್ ಬೆಳಕು, ಇನ್ನೂ ಸ್ವಲ್ಪ ತಿರುಗಿಸಿದ್ರೆ ಪಟ್ ಅಂತ ಆಫ್. ಫಿಲಮೆಂಟ್ ಆದ್ರೆ ಕೆಂಡ ಆರೋ ಥರ ನಿಧಾನಕ್ಕೆ ಇಳಿಯುತ್ತೆ. ಅಪ್ಪಂಗೂ ನಂಬರ್ ಓದೋಕಾಗುತ್ತೆ, ನಂಗೆ ಟ್ರೈಲರ್ ಮೊದಲಿಗಿಂತ ಬೇಗ ಕಣ್ಣಿಗೆ ಬೀಳುತ್ತೆ.

ಹೊಸದಾಗಿ ಹಾಕಿಸೋರಿಗೆ ನಾನು ಹೇಳೋದು, ಬಣ್ಣಕ್ಕಿಂತ ಮೊದಲು ಡಿಮ್ಮರ್ ನೋಡಿ. ಹೆಡ್‌ಲೈಟ್ ಬೆಳಕಲ್ಲಿ ಕಣ್ಣು ಹೇಗೂ ಪೂರ್ತಿ ಕತ್ತಲಿಗೆ ಹೊಂದ್ಕೊಂಡಿರಲ್ಲ, ಹಾಗಾಗಿ ಜೋರಾಗಿ ಉರಿಯೋ ಆಂಬರ್‌ಗಿಂತ ಮಂದವಾಗಿರೋ ಬಿಳಿನೇ ವಾಸಿ. ಇನ್ನು ಮ್ಯೂಸಿಕ್ ಸಿಸ್ಟಮ್‌ದು ನೀಲಿ ಡಿಸ್ಪ್ಲೇ ಹಾಗೇ ಉಳ್ಕೊಂಡಿದೆ, ಕಿರಂಗೂರು ದಾಟಿದ್ಮೇಲೆ ಅದನ್ನ ಆಫ್ ಮಾಡ್ಕೊಂಡೇ ಓಡಿಸ್ತೀನಿ.